ವಾಸನೆ ಬರುತ್ತದೆ ಅಂತ ಅರ್ಧ ಮಾತ್ರೆ ಹಾಕಬೇಡಿ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದೇವೆ. ಆಶಾ ಅಕ್ಕ ಕ್ಲೋರಿನ್ ಮಾತ್ರೆ ಕೊಟ್ಟಿದ್ದಾರೆ. ಹಾಕಿದರೆ ವಾಸನೆ, ಮಕ್ಕಳು ಕುಡಿಯುವುದಿಲ್ಲ. ಅದಕ್ಕೆ ಅರ್ಧ ಹಾಕುತ್ತಿದ್ದೇವೆ. ಆದರೂ ಭೇದಿ ನಿಂತಿಲ್ಲ, ಯಾಕೆ?

ಉತ್ತರ: ಪ್ರತಿ ಮಳೆಗಾಲವೂ ಇದೇ ಪ್ರಶ್ನೆ. ಅರ್ಧ ಹಾಕುತ್ತೀರಲ್ಲ, ಅದಕ್ಕೇ ನಿಂತಿಲ್ಲ. ಅರ್ಧ ಹಾಕಿದವರು ನೀರು ಶುದ್ಧವಾಯಿತು ಅಂದುಕೊಂಡು ಕುದಿಸುವುದನ್ನೂ ಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

ಕ್ಲೋರಿನ್‌ಗೆ ರೋಗಾಣು ಯಾವುದು, ಮಣ್ಣು ಯಾವುದು ಅಂತ ಗೊತ್ತಾಗುವುದಿಲ್ಲ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಬಾವಿ, ತೋಡು (ಹಳ್ಳ) ಎಲ್ಲ ಕೆಂಪಗಾಗಿರುತ್ತವೆ. ಮಾತ್ರೆಯ ಶಕ್ತಿ ಮಣ್ಣಿಗೆ, ಕೊಳೆತ ಎಲೆಗೇ ಖರ್ಚಾಗಿಹೋಗುತ್ತದೆ. ಹಾಗಾಗಿ ಮೊದಲು ನೀರು ತಿಳಿಯಾಗಬೇಕು. ರಾತ್ರಿ ತುಂಬಿಟ್ಟು ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಮೇಲಿನ ನೀರನ್ನಷ್ಟೇ ಹತ್ತಿಬಟ್ಟೆ ಮಡಿಸಿ ಸೋಸಿ. ಆಮೇಲೆ ಮಾತ್ರೆ. ಎಲ್ಲ ಮಾತ್ರೆಯೂ ಒಂದೇ ಅಳತೆಯದ್ದಲ್ಲ. ಎಷ್ಟು ಲೀಟರಿಗೆ ಅಂತ ಹಾಳೆಯ ಮೇಲೆ ಬರೆದಿರುತ್ತದೆ, ಓದಿಸಿಕೊಳ್ಳಿ. ಮುಚ್ಚಿಟ್ಟು ಅರ್ಧ ಗಂಟೆ ಕಾಯಿರಿ. ಸುಮ್ನೆ ಹಾಕಿದ ಕೂಡಲೇ ಕುಡಿದರೆ ಪ್ರಯೋಜನವಿಲ್ಲ.

ಅರ್ಧ ಗಂಟೆ ಬಿಟ್ಟು ಸ್ವಲ್ಪ ವಾಸನೆ ಉಳಿದಿದ್ದರೆ ಒಳ್ಳೆಯದು, ಕೆಲಸ ಮುಗಿಸಿಯೂ ಕ್ಲೋರಿನ್ ಮಿಕ್ಕಿದೆ ಅಂತ. ಏನೂ ವಾಸನೆ ಇಲ್ಲದಿದ್ದರೇ ಚಿಂತೆ ಮಾಡಬೇಕು. ಆಗ ಇನ್ನೊಂದು ಮಾತ್ರೆ ಹಾಕಿ ಮತ್ತೆ ಕಾಯಿರಿ. ಮಕ್ಕಳಿಗೆ ಕೊಡುವ ನೀರನ್ನು ಕೆಲವು ಗಂಟೆ ಮೊದಲೇ ಸಿದ್ಧ ಮಾಡಿಟ್ಟರೆ ವಾಸನೆ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿ ಆ ಪಾತ್ರೆಗೆ ಕೈಸಮೇತ ಚೊಂಬು ಅದ್ದುತ್ತೀರಿ, ಅಲ್ವಾ? ಹಿಡಿ ಇರುವ ಸೌಟು ಇಡಿ. ಮಕ್ಕಳ ಭೇದಿಗೆ ಓಆರ್‌ಎಸ್ ಕೊಡಿ, ಆಸ್ಪತ್ರೆಗೆ ತೋರಿಸಿ. ಮಾತ್ರೆ ನೀರಿಗೆ, ಮಗುವಿಗಲ್ಲ.

ಬಾವಿಗೆ ಬ್ಲೀಚಿಂಗ್ ಪೌಡರ್ ಆದರೆ 1,000 ಲೀಟರಿಗೆ 2.5 ಗ್ರಾಂ, ಒಂದು ಗಂಟೆ ಬಿಡಬೇಕು. ಹೋದ ವರ್ಷ ಬಾಯಿ ಬಿಚ್ಚಿಟ್ಟ ಚೀಲದ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ. ನಮ್ಮ ಕೊಡಗಿನ ಶೀತಕ್ಕಂತೂ ಕೇಳಲೇಬೇಡಿ.

ಪ್ರಶ್ನೆ: ಮಡಿಕೇರಿ ಎತ್ತರದಲ್ಲಿದೆ. ನೀರು 20 ನಿಮಿಷ ಕುದಿಸಬೇಕಾ?

ಬೇಡ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ, ಅಷ್ಟರೊಳಗೆ ರೋಗಾಣು ಸತ್ತಿರುತ್ತವೆ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು. ಆರಿಸಲು ತಣ್ಣೀರು ಬೆರೆಸಿದರೆ ಸೌದೆ ದಂಡ.

ಪ್ರಶ್ನೆ: ತಾಮ್ರದ ಕೊಡದಲ್ಲಿಟ್ಟರೆ ಸಾಕಲ್ಲ?

ಮಳೆಗಾಲದ ಕೆಸರು ನೀರಿಗೆ ಅದನ್ನು ನಂಬಬೇಡಿ.

ಪ್ರಶ್ನೆ: ಆರ್‌ಒ (ನೀರು ಶುದ್ಧ ಮಾಡುವ ಯಂತ್ರ) ಮಾರುವವರು ನಮ್ಮ ನೀರಿಗೆ ಕರೆಂಟ್ ಬಿಟ್ಟು ಕೊಳೆ ತೋರಿಸಿದರು. ಕಂತಿನಲ್ಲಿ ತೆಗೆದುಕೊಳ್ಳಬಹುದಾ?

ಅದು ಕೊಳೆಯಲ್ಲ, ಅವರದೇ ಕಬ್ಬಿಣದ ಕಡ್ಡಿ ಕರಗಿದ ತುಕ್ಕು. ಅವರ ಆರ್‌ಒ ನೀರಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ಕರೆಂಟ್ ಬಿಡಲು ಹೇಳಿ. ಅದೂ ಕಂದಾಗುತ್ತದೆ. ಆರ್‌ಒ ಬೇಕಾಗುವುದು ಉಪ್ಪಿನಂಶ ಜಾಸ್ತಿ ಇರುವ ಕಡೆ. ಕಂತು ಕಟ್ಟಬೇಡಿ.

ಪ್ರಶ್ನೆ: ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಸಮಯದಲ್ಲಿ ಅದರ ಕೊಳಕು ನೀರು ಸೇರಿ ತೋಡು ನಾರುತ್ತದೆ. ಮಾತ್ರೆ ಹಾಕಿ ಕುಡಿಯಬಹುದಾ?

ಬೇಡವೇ ಬೇಡ, ಕುದಿಸಿಯೂ ಬೇಡ. ಬೇರೆ ಕಡೆಯಿಂದ ನೀರು ತನ್ನಿ. ಪಂಚಾಯಿತಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.