ಕ್ಯಾನ್ಸರ್ ಅಲ್ಲ ಅಂದಮೇಲೆ ಬೆನ್ನುಹುರಿಯ ಗಡ್ಡೆಗೆ ಆಪರೇಷನ್ ಯಾಕೆ?

ತಮ್ಮನ ಎಂಆರ್‌ಐನಲ್ಲಿ ಬೆನ್ನುಹುರಿಯೊಳಗೆ ಹೆಮ್ಯಾಂಜಿಯೋಬ್ಲಾಸ್ಟೋಮಾ ಅನ್ನುವ ರಕ್ತನಾಳಗಳ ಗಡ್ಡೆ ಅಂತ ಬಂದಿದೆ, ಕೈ ಜೋಮು ಹಿಡಿಯುತ್ತದೆ, ಕ್ಯಾನ್ಸರ್ ಅಲ್ಲ ಅಂದಮೇಲೆ ಸುಮ್ನೆ ಬಿಟ್ಟರೆ ಆಗಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಮಂಡ್ಯದ ಹತ್ತಿರ ಕಬ್ಬು, ಭತ್ತ ಬೆಳೆಯುವವನು. ಇದೇ ಗಡ್ಡೆ ನನಗೆ ಕುತ್ತಿಗೆ ಹತ್ತಿರ ಇತ್ತು.

ಒಂದು ದಿನ ಬಿಸಿ ಕಾಫಿಯ ಸ್ಟೀಲ್ ಲೋಟ ಎಡಗೈಯಲ್ಲಿ ಹಿಡಿದು ಜಗಲಿ ಮೇಲೆ ಮಾತಾಡುತ್ತಾ ಕೂತಿದ್ದೆ. ಲೋಟ ಕೆಳಗಿಟ್ಟರೆ ಬೆರಳಲ್ಲಿ ಬೊಬ್ಬೆ! ಲೋಟ ಮುಟ್ಟಿದ್ದು ಗೊತ್ತಾಗುತ್ತಿತ್ತು, ಬಿಸಿ ಮಾತ್ರ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಸ್ಪಾಂಡಿಲೈಟಿಸ್ ಅಂತ ಹೇಳಿ ನನಗೆ ಕುತ್ತಿಗೆ ಪಟ್ಟಿ ಹಾಕಿಸಿದ್ದರು.

ಗಡ್ಡೆ ಕಡಲೆಕಾಳಿನಷ್ಟೇ. ಆದರೆ ಅದರ ಮೇಲೆ ಕೆಳಗೆ ಹುರಿಯೊಳಗೇ ನೀರು ತುಂಬಿತ್ತು, ಅದನ್ನು ಸಿರಿಂಕ್ಸ್ ಅನ್ನುತ್ತಾರೆ. ಬಿಸಿ, ನೋವು ತಿಳಿಸುವ ನರಗಳು ಹುರಿಯ ನಡುವೆ ಹಾದು ಆಚೆ ಬದಿಗೆ ದಾಟುತ್ತವಂತೆ, ನೀರು ಒತ್ತುವುದು ಅಲ್ಲಿಗೇ. ಗಡ್ಡೆ ಗ್ರೇಡ್ 1, ಅಂದರೆ ನಿಧಾನವಾಗಿ ಬೆಳೆಯುವ ಜಾತಿ, ಬೇರೆ ಕಡೆ ಹರಡಲ್ಲ, ನಿಜ. ಆದರೆ ಹುರಿ ಕಿರುಬೆರಳಷ್ಟು ದಪ್ಪ ಇರುತ್ತದೆ, ಅದರಲ್ಲಿ ಜಾಗ ಎಲ್ಲಿದೆ ಹೇಳಿ? ಏನೂ ತೊಂದರೆ ಇಲ್ಲದಿದ್ದರೆ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಉಂಟು. ತಮ್ಮನಿಗೆ ಜೋಮು ಶುರುವಾಗಿದೆ ಅಂದಿರಲ್ಲ, ಅದಕ್ಕೇ ಜಾಸ್ತಿ ತಡ ಮಾಡಬೇಡಿ. ಕಳೆದುಹೋದ ಶಕ್ತಿ ಪೂರ್ತಿ ವಾಪಸ್ ಬರುತ್ತದೆ ಅಂತ ಯಾರೂ ಭರವಸೆ ಕೊಡಲ್ಲ.

ಇನ್ನೊಂದು, ಮೂಳೆಯಲ್ಲಿ ಬರುವ ಹೆಮ್ಯಾಂಜಿಯೋಮಾ ಬೇರೆ. ಅದು ಎಷ್ಟೋ ಜನಕ್ಕೆ ಇರುತ್ತದೆ, ಸಾಮಾನ್ಯವಾಗಿ ಏನೂ ಮಾಡಲ್ಲ. ಗೂಗಲ್ ನೋಡಿ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಇದು ರಕ್ತನಾಳಗಳ ಗಂಟು, ಕೊಯ್ದರೆ ರಕ್ತ ನಿಲ್ಲಲ್ಲ. ಅದಕ್ಕೇ ಚೂರು ಚೂರು ಮಾಡದೆ ಇಡಿಯಾಗಿ ಬಿಡಿಸುತ್ತಾರೆ. ರಕ್ತ ತರುವ ನಾಳಗಳನ್ನು ಮೊದಲು ಮುಚ್ಚಿ, ಹೊರಗೆ ಒಯ್ಯುವುದನ್ನು ಕೊನೆಗೆ ಮುಚ್ಚುತ್ತಾರೆ. ನಾಲೆ ತೂಬು ಮುಚ್ಚದೆ ಗದ್ದೆಯ ಕೆಳಗಿನ ಬಾಯಿ ಕಟ್ಟಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ, ಇಂಥ ಕೇಸು ನೋಡಿ ಅಭ್ಯಾಸ ಇರುವ ಕಡೆಯೇ ಮಾಡಿಸಿ.

ಆಪರೇಷನ್‌ಗೆ ಮುಂಚೆ ವಾನ್ ಹಿಪ್ಪೆಲ್-ಲಿಂಡೌ ಬಗ್ಗೆ ಕೇಳಿ, ಮರೆಯಬೇಡಿ. 3ನೇ ಕ್ರೋಮೋಸೋಮಿನ ಒಂದು ಜೀನ್ ಕೆಟ್ಟರೆ ಬರುವ ಕಾಯಿಲೆ ಅದು, ಕೆಲವರಿಗೆ ಈ ಗಡ್ಡೆ ಬರುವುದು ಅದರಿಂದಲೇ. ಕಣ್ಣಿನ ರೆಟಿನಾ, ಮಿದುಳು, ಕಿಡ್ನಿ, ಕಿಡ್ನಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಗಡ್ಡೆ ಬರಬಹುದು. ಅಡ್ರಿನಲ್‌ನಲ್ಲಿದ್ದರೆ ಅರಿವಳಿಕೆ ಕೊಟ್ಟಾಗ ಬಿಪಿ ಹುಚ್ಚಾಪಟ್ಟೆ ಏರಬಹುದು. ಅಪ್ಪ ಅಮ್ಮ ಯಾರಿಗಾದರೂ ಇದ್ದರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ತಮ್ಮನಿಗೆ ಇದೆ ಅಂತಾದರೆ ನೀವೂ ಕಣ್ಣು ತೋರಿಸಬೇಕು. ನನಗೆ ಅದು ಇರಲಿಲ್ಲ, ಪುಣ್ಯ.

ಈಗ ನಡೆಯುತ್ತೇನೆ, ಕೆಲಸ ಮಾಡುತ್ತೇನೆ. ಆದರೆ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುತ್ತೇನೆ, ಪಾದ ಎಲ್ಲಿದೆ ಅಂತ ನೋಡಿದರೇ ಗೊತ್ತಾಗುವುದು. ರಾತ್ರಿ ನೀರು ಕಟ್ಟುವುದಕ್ಕೆ ಮಗನೇ ಹೋಗುತ್ತಾನೆ.