ಬೇಗ ನಿಂತುಹೋದ ಗೇಮ್ ಶೋಗಳಲ್ಲಿ ಇನ್ನಷ್ಟು ಕಾಲ ನಡೆಯಬೇಕಿದ್ದದ್ದು ಯಾವುದು?

ಹೆಚ್ಚು ದಿನ ಬಾಳದೆ ನಿಂತುಹೋದ, ಆದರೆ ಇನ್ನೂ ನಡೆಯಬೇಕಿತ್ತು ಎನಿಸುವ ಟಿವಿ ಗೇಮ್ ಶೋ ಯಾವುದು, ಏಕೆ ಎಂದು ಕೇಳಿದ್ದೀರಿ. ಒಂದೇ ಹೆಸರು ಹೇಳಬೇಕೆಂದರೆ ನನ್ನ ಉತ್ತರ 'ವ್ಹ್ಯೂ!'. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಏಪ್ರಿಲ್ 1979ರಲ್ಲಿ ಶುರುವಾಗಿ ಮೇ 1980ರಲ್ಲಿ ಮುಗಿದ, ಹಗಲು ಹೊತ್ತಿನ ಕಾರ್ಯಕ್ರಮ. ಕೂದಲೆಳೆಯಲ್ಲಿ ಪಾರಾದಾಗ ಬಾಯಿಂದ ಹೊರಡುವ ಉದ್ಗಾರವೇ ಅದರ ಹೆಸರು; ಕನ್ನಡದಲ್ಲಾದರೆ 'ಉಸ್ಸಪ್ಪಾ!' ಎಂದು ಇಡಬಹುದಿತ್ತು. ಪ್ರಸಾರವಾದ ಕಾಲದಲ್ಲಿ ಅದನ್ನು ನೋಡಿದವನು ನಾನಲ್ಲ. ಯಾರೋ ಪುಣ್ಯಾತ್ಮರು ಹಳೆಯ ಟೇಪುಗಳಿಂದ ಅಂತರ್ಜಾಲಕ್ಕೆ ಏರಿಸಿದ ಮಸುಕು ಮಸುಕಾದ ಕಂತುಗಳನ್ನು, ಒಂದು ನೋಡಿ ಮಲಗೋಣವೆಂದು ಕುಳಿತವನು ಬೆಳಗಿನ ಜಾವದವರೆಗೆ ಏಳಲಿಲ್ಲ.

ಮೊದಲು ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಮನೆಯಲ್ಲಿ ಕುಳಿತವನು ಪರದೆಯ ಕಡೆ ಕೈ ಬೀಸಿ ಕೂಗಬೇಕು. ಉತ್ತರ ಗೊತ್ತಿದ್ದರೆ ಕೂಗುವುದು ಸುಲಭ; ರಸಪ್ರಶ್ನೆ ಯಾವುದಾದರೂ ಅಷ್ಟು ಮಾಡಿಸುತ್ತದೆ. ಉತ್ತರ ಗೊತ್ತಿಲ್ಲದವನೂ 'ಅಯ್ಯೋ, ಅಲ್ಲಿಗೆ ಹೋಗಬೇಡ ಮಾರಾಯ' ಎಂದು ಕೂಗುವಂತಿದ್ದರೆ ಅದು ಆಟ.

'ವ್ಹ್ಯೂ!'ವಿನಲ್ಲಿ ಪ್ರಶ್ನೆಗಳೇ ಇಲ್ಲ. ಬರೀ ತಪ್ಪು ವಾಕ್ಯಗಳು. ತಪ್ಪಿರುವ ಕಡೆ ಅಡಿಗೆರೆ ಎಳೆದಿರುತ್ತಾರೆ, ಸ್ಪರ್ಧಿ ಅದನ್ನು ತಿದ್ದಬೇಕು. 'ಹಾಸಿಗೆ ಇದ್ದಷ್ಟು ಕೈ ಚಾಚು.' ನೋಡಿ, ನಿಮ್ಮ ನಾಲಿಗೆ ಆಗಲೇ 'ಕಾಲು' ಎಂದಿತು. 'ಕುಂಬಾರನಿಗೆ ವರುಷ, ದೊಣ್ಣೆಗೆ ತಿಂಗಳು.' ಇದಕ್ಕೂ ನೀವು ಕಾಯಲಿಲ್ಲ. ತಪ್ಪನ್ನು ಕಂಡರೆ ಸುಮ್ಮನಿರಲಾಗದ ಒಂದು ಚಪಲ ಮನುಷ್ಯರಿಗೆಲ್ಲ ಇರುತ್ತದೆ. ಪ್ರಶ್ನೆ ಕೇಳಿದರೆ 'ಗೊತ್ತಿಲ್ಲ' ಎಂದು ಹಿಂದೆ ಸರಿಯುವವನು ಕೂಡ ತಪ್ಪು ಹೇಳಿದರೆ ಮುಂದೆ ಬಂದು ತಿದ್ದುತ್ತಾನೆ. ಇಡೀ ಕಾರ್ಯಕ್ರಮ ನಿಂತಿದ್ದು ಆ ಚಪಲದ ಮೇಲೆ.

ಆದರೆ ಇಷ್ಟಕ್ಕೇ ನಾನು ರಾತ್ರಿಯಿಡೀ ಕೂರುತ್ತಿರಲಿಲ್ಲ. ಫಲಕದಲ್ಲಿ ಆರು ಹಂತ. ಕೆಳಗಿನ ಐದರಲ್ಲಿ ತಲಾ ಐದು ತಪ್ಪುಗಳು, 10 ಡಾಲರಿನಿಂದ 50 ಡಾಲರಿನವರೆಗೆ. ಮೇಲಿನ ಆರನೆಯದರಲ್ಲಿ ಮೂರೇ, ಅವು ದುಬಾರಿಯವು: 200, 350 ಮತ್ತು 500. ಆಡುವ ಸ್ಪರ್ಧಿಗೆ, ಅಂದರೆ ಓಡುವವನಿಗೆ, ಇರುವುದು 60 ಸೆಕೆಂಡು. ಪ್ರತಿ ಹಂತದಲ್ಲಿ ಒಂದನ್ನು ತಿದ್ದಿದರೆ ಮೇಲಿನ ಹಂತಕ್ಕೆ ಏರಬಹುದು. ಎದುರಾಳಿಯು ಆಟ ಶುರುವಾಗುವ ಮೊದಲೇ, ಓಡುವವನಿಗೆ ಕಾಣದಂತೆ, ಆರು ಕಡೆ ತಡೆಗಳನ್ನು ಅಡಗಿಸಿ ಇಟ್ಟಿರುತ್ತಾನೆ. ತಡೆಗೆ ಎಡವಿದರೆ ಐದು ಸೆಕೆಂಡು ಸುಮ್ಮನೆ ನಿಲ್ಲಬೇಕು. ಅರವತ್ತರಲ್ಲಿ ಐದು ಎಂದರೆ ಹೇಳುವಾಗ ಕಡಿಮೆ. ಅಲ್ಲಿ ನಿಂತವನ ಮುಖ ನೋಡಿದರೆ ಗೊತ್ತಾಗುತ್ತದೆ ಅದೆಷ್ಟು ದೀರ್ಘವೆಂದು.

ಮನೆಯಲ್ಲಿ ಕುಳಿತವನಿಗೆ ಮಾತ್ರ ತಡೆಗಳು ಎಲ್ಲಿವೆ ಎಂದು ಮೊದಲೇ ತೋರಿಸಿರುತ್ತಾರೆ. ಗುಟ್ಟು ಇದೇ. ಓಡುವವನು ಮೂರನೆಯ ಹಂತಕ್ಕೆ ಬರುತ್ತಾನೆ, ಅಲ್ಲಿ ಐದರಲ್ಲಿ ಮೂರಕ್ಕೆ ತಡೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅವನು ಒಂದನ್ನು ಕೂಗುತ್ತಾನೆ, ನಾವು ಹಣೆ ಚಚ್ಚಿಕೊಳ್ಳುತ್ತೇವೆ. ಸಮಯ ಮುಗಿಯುತ್ತ ಬಂತು, ಇನ್ನು ಹಂತ ಹಂತವಾಗಿ ಏರಲಾಗದು ಎನಿಸಿದರೆ ಅವನು 'ಲಾಂಗ್ ಶಾಟ್!' ಎಂದು ಕೂಗಿ ನೇರವಾಗಿ ಆರನೆಯ ಹಂತಕ್ಕೆ ಹಾರಬಹುದು. ಆಗ ಎದುರಾಳಿ ಅಲ್ಲಿ ಇನ್ನೊಂದು ತಡೆಯನ್ನು ಗುಟ್ಟಾಗಿ ಇಡುತ್ತಾನೆ. ಉಳಿದವುಗಳಲ್ಲಿ ಒಂದನ್ನು ಆರಿಸಿ ಸರಿಯಾಗಿ ತಿದ್ದಿದರೆ ಸುತ್ತು ಅವನದು. ಜ್ಞಾನ, ಓಟ, ಜೂಜು ಮೂರೂ ಒಂದು ನಿಮಿಷದೊಳಗೆ ಬಂದುಹೋಗುತ್ತವೆ. ಗೆದ್ದವನು ಕೊನೆಗೆ ಹತ್ತು ವ್ಯಂಗ್ಯಚಿತ್ರದ ಖಳರ ಸಾಲನ್ನು ದಾಟಿ ಓಡಬೇಕು. 60 ಸೆಕೆಂಡು, ಜೊತೆಗೆ ಗಳಿಸಿದ ಪ್ರತಿ 100 ಡಾಲರಿಗೆ ಒಂದು ಸೆಕೆಂಡು ಹೆಚ್ಚುವರಿ. ದಾಟಿದರೆ 25,000 ಡಾಲರ್. ನಿರೂಪಕ ಟಾಮ್ ಕೆನಡಿ ಅಷ್ಟು ವೇಗದಲ್ಲೂ ಒಂದು ಪದ ನುಂಗದೆ ಓದುತ್ತಿದ್ದರು. ಆ ಕೆಲಸವೇ ಒಂದು ಕಸರತ್ತು.

ಹಾಗಾದರೆ ಏಕೆ ನಿಂತಿತು? ಮೇಲಿನ ಎರಡು ಪ್ಯಾರಾಗಳನ್ನು ಮತ್ತೊಮ್ಮೆ ನೋಡಿ. ನಿಯಮ ಹೇಳಲು ನನಗೆ ಅಷ್ಟು ಜಾಗ ಬೇಕಾಯಿತು. ಹಗಲು ಹೊತ್ತಿನಲ್ಲಿ ಟಿವಿಯನ್ನು ಕೆಲಸದ ನಡುವೆ ಅರೆಗಣ್ಣಿನಿಂದ ನೋಡುವವರೇ ಹೆಚ್ಚು. ಅಂಥವರು ನಡುವೆ ಬಂದರೆ ಯಾರೋ ಒಬ್ಬ ಸಂಖ್ಯೆಗಳನ್ನು ಕೂಗುತ್ತಿದ್ದಾನೆ, ಇನ್ನೊಬ್ಬ ನಗುತ್ತಿದ್ದಾನೆ ಎಂಬುದಷ್ಟೇ ಕಾಣುತ್ತದೆ. ವಾಹಿನಿಯೂ ಕೈಕಟ್ಟಿ ಕೂರಲಿಲ್ಲ. ನವೆಂಬರ್ 1979ರಲ್ಲಿ ತಾರೆಯರನ್ನು ಕರೆತಂದು ಸ್ಪರ್ಧಿಗಳ ಜೊತೆ ಕೂರಿಸಿತು. ನನ್ನ ಮಟ್ಟಿಗೆ ಅದೇ ಅದಕ್ಕೆ ಕೊಟ್ಟ ವಿಷ. ಒಬ್ಬನೇ ಉಸಿರುಗಟ್ಟಿ ಓಡುವ ಆಟದಲ್ಲಿ ತಾರೆ ಏನು ಮಾಡಬೇಕು? ನಗಬೇಕು, ಚಟಾಕಿ ಹಾರಿಸಬೇಕು, ಅಷ್ಟರಲ್ಲಿ ಓಟದ ಬಿಸಿ ಆರುತ್ತದೆ. ಕುಂಬಾರನ ಕೆಲಸಕ್ಕೆ ದೊಣ್ಣೆ ಬಿದ್ದದ್ದು ಹೀಗೆ.

'ವ್ಹ್ಯೂ!'ವನ್ನು ಕಟ್ಟಿದ ಆ ಕುಂಬಾರನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೆಸರು ಜೇ ವೋಲ್ಪರ್ಟ್. 'ಜೆಪರ್ಡಿ!'ಯಲ್ಲಿ ಸ್ಪರ್ಧಿಯಾಗಿ ಗೆದ್ದವರು, ಆಮೇಲೆ 'ದ ಪ್ರೈಸ್ ಈಸ್ ರೈಟ್' ನಿರ್ಮಾಣದಲ್ಲಿ ಕೆಲವು ವರ್ಷ ದುಡಿದವರು. ತಮ್ಮದೇ ಆಟಗಳನ್ನು ಕಟ್ಟಲು ಹೊರಟ ಮೇಲೆ ಒಂದೂ ಹೆಚ್ಚು ಕಾಲ ನಿಲ್ಲಲಿಲ್ಲ. 1983ರ ಜನವರಿ 3ರಂದು ಎನ್‌ಬಿಸಿ ವಾಹಿನಿ ಒಂದೇ ದಿನ ಮೂರು ಹೊಸ ಆಟಗಳನ್ನು ಶುರುಮಾಡಿತು. ಅವುಗಳಲ್ಲಿ ವೋಲ್ಪರ್ಟ್ ಅವರ 'ಹಿಟ್ ಮ್ಯಾನ್' ಒಂದು: ಮೊದಲು ಒಂದು ಪುಟ್ಟ ಸಾಕ್ಷ್ಯಚಿತ್ರದಂಥದ್ದನ್ನು ತೋರಿಸಿ, ಆಮೇಲೆ ಅದರಿಂದಲೇ ಪ್ರಶ್ನೆ ಕೇಳುವ ಆಟ. ಶಾಲೆಯ ಪಾಠದ ವಾಸನೆ ಸ್ವಲ್ಪ ಹೊಡೆಯುತ್ತದೆ, ಒಪ್ಪುತ್ತೇನೆ. ಏಪ್ರಿಲ್ 1ಕ್ಕೆ ಮುಗಿಯಿತು. ಉಳಿದ ಎರಡರಲ್ಲಿ 'ಸೇಲ್ ಆಫ್ ದ ಸೆಂಚುರಿ' 1989ರವರೆಗೂ ಬಾಳಿತು. ಅದೇ ದಿನ ಹುಟ್ಟಿದ ಎರಡು ಕೂಸುಗಳ ಜಾತಕ ಇಷ್ಟು ಬೇರೆ!

ಐದು ವರ್ಷದ ನಂತರ ಅವರು ಮತ್ತೆ ಬಂದರು, 'ಬ್ಲ್ಯಾಕ್‌ಔಟ್' ಎಂಬ ಆಟದೊಂದಿಗೆ. 1988ರ ಜನವರಿಯಿಂದ ಏಪ್ರಿಲ್ 1ರವರೆಗೆ, ಲೆಕ್ಕ ಹಾಕಿ ಹದಿಮೂರು ವಾರ. ನಿಮ್ಮ ಪ್ರಶ್ನೆಗೆ ಎರಡನೆಯ ಉತ್ತರ ಇದು. ಒಬ್ಬ ಸ್ಪರ್ಧಿಗೆ ಒಂದು ಪದ ಕೊಡುತ್ತಾರೆ, ಅದನ್ನು ಅವನು ಇಪ್ಪತ್ತು ಸೆಕೆಂಡು ವಿವರಿಸುತ್ತಾನೆ, ಧ್ವನಿಮುದ್ರಣವಾಗುತ್ತದೆ. ಜೊತೆಗಾರನಿಗೆ ಆಗ ಅದು ಕೇಳಿಸುವುದಿಲ್ಲ. ಬಳಿಕ ಮುದ್ರಿಕೆಯನ್ನು ಜೊತೆಗಾರನಿಗೆ ಕೇಳಿಸುವಾಗ ಎದುರಾಳಿಯ ಕೈಯಲ್ಲಿ ಒಂದು ಗುಂಡಿ. ಒಟ್ಟು ಏಳು ಸೆಕೆಂಡುಗಳಷ್ಟು ಮಾತನ್ನು, ತನಗೆ ಬೇಕಾದ ಕಡೆಗಳಲ್ಲಿ, ಅವನು ಅಳಿಸಬಹುದು. ಅಳಿದುಳಿದ ಮಾತಿನಿಂದ ಪದ ಹಿಡಿಯಬೇಕು.

ಇದನ್ನು ನಾವು ಮನೆಯಲ್ಲಿ ಮೊಬೈಲ್ ಇಟ್ಟುಕೊಂಡು ಆಡಿದ್ದೇವೆ. ನನಗೆ ಬಂದ ಪದ 'ಕೊಡೆ'. ನಾನು ಗಂಭೀರವಾಗಿ ಹೇಳಿದೆ: 'ಮಳೆ ಬಂದರೆ ಬೇಕೇ ಬೇಕು. ಮಡಚಬಹುದು, ಬಿಚ್ಚಬಹುದು. ಸಾಮಾನ್ಯವಾಗಿ ಕಪ್ಪಗಿರುತ್ತದೆ. ಕೆಲಸವಿಲ್ಲದಾಗ ಗೋಡೆಯ ಮೊಳೆಗೆ ತಲೆಕೆಳಗಾಗಿ ತೂಗುಬಿದ್ದಿರುತ್ತದೆ.' ತಂಗಿಯ ಮಗಳು, ಹನ್ನೊಂದು ವರ್ಷದವಳು, ಎದುರಾಳಿ. ಮುದ್ರಿಕೆ ಹಾಕಿದಾಗ 'ಮಳೆ ಬಂದರೆ ಬೇಕೇ ಬೇಕು' ಎಂಬಲ್ಲಿ ಸದ್ದು ಅಡಗಿಸಿದಳು. ಮಡಚುವುದು, ಬಿಚ್ಚುವುದು, ಕಪ್ಪು ಎಲ್ಲವನ್ನೂ ದೊಡ್ಡ ಮನಸ್ಸಿನಿಂದ ಬಿಟ್ಟಳು. ಕೊನೆಯಲ್ಲಿ 'ಗೋಡೆಯ ಮೊಳೆಗೆ' ಎಂಬುದನ್ನಷ್ಟೇ ಅಳಿಸಿದಳು. ನನ್ನ ಜೊತೆಗಾರ, ಅಂದರೆ ನನ್ನ ಭಾವ, ಒಂದು ಕ್ಷಣವೂ ಯೋಚಿಸದೆ 'ಬಾವಲಿ!' ಎಂದರು.

'ಮಾವ, ನೀವೇ ಅಷ್ಟು ಚೆನ್ನಾಗಿ ಬಾವಲಿಯನ್ನು ವರ್ಣಿಸಿದ್ದೀರಿ, ಅಪ್ಪ ಏನು ಮಾಡುತ್ತಾರೆ?' ಎಂದಳು ಆ ಹುಡುಗಿ.

ಈ ಆಟದಲ್ಲಿ ಬುದ್ಧಿಯೆಲ್ಲ ಅಳಿಸುವವರದ್ದು. ಯಾವ ಪದ ಮುಖ್ಯ ಎಂದು ಆ ಕ್ಷಣದಲ್ಲಿ ತೂಗಬೇಕು, ಏಳು ಸೆಕೆಂಡನ್ನು ಜಿಪುಣನಂತೆ ಖರ್ಚು ಮಾಡಬೇಕು. ವಿವರಿಸುವವನೂ ಜಾಣನಾದರೆ ಮುಖ್ಯ ಸುಳಿವನ್ನು ಎರಡು ಕಡೆ, ಎರಡು ಬಗೆಯಲ್ಲಿ ಬಚ್ಚಿಡುತ್ತಾನೆ. ಇಂಥ ಸೂಕ್ಷ್ಮಗಳನ್ನು ನೋಡುಗರು ಕಲಿಯಲು ಹದಿಮೂರು ವಾರ ಸಾಲದು. ಅದು ಬಂದದ್ದು ಜನ ಬಹಳ ಮೆಚ್ಚಿದ್ದ 'ಪಿರಮಿಡ್' ಆಟದ ಜಾಗಕ್ಕೆ ಎಂಬುದೂ ಒಂದು ದುರದೃಷ್ಟ. ಹದಿಮೂರು ವಾರ ಮುಗಿದೊಡನೆ ಪಿರಮಿಡ್ ಅದೇ ಜಾಗಕ್ಕೆ ಮರಳಿತು.

ವೋಲ್ಪರ್ಟ್ ಆಮೇಲೆ ಚಿತ್ರಕಥೆ ಬರೆಯಲು ಹೋದರು. 2003ರ ಮೊದಲ 'ಪೈರೇಟ್ಸ್ ಆಫ್ ದ ಕೆರಿಬಿಯನ್' ಚಿತ್ರದ ಕಥೆಯ ಸಾಲಿನಲ್ಲಿ ಅವರ ಹೆಸರಿದೆ. ಒಂದು ಆಟವನ್ನೂ ಹೆಚ್ಚು ಕಾಲ ನಡೆಸಲಾಗದ ಮನುಷ್ಯ ಹೋಗಿ ವರ್ಷಗಟ್ಟಲೆ ಓಡುವ ಸರಣಿಗೆ ಬುನಾದಿ ಹಾಕಿದ್ದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ.

ಮೂರನೆಯದು 2000ನೇ ಇಸವಿಯ ಗದ್ದಲದಲ್ಲಿ ಕಳೆದುಹೋದ 'ವಿನ್ನಿಂಗ್ ಲೈನ್ಸ್'. ಹಿಂದಿನ ವರ್ಷ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಅಮೆರಿಕದಲ್ಲಿ ಧೂಳೆಬ್ಬಿಸಿತ್ತು. ಉಳಿದ ವಾಹಿನಿಗಳೆಲ್ಲ ತಮಗೊಂದು ಇರಲಿ ಎಂದು ಕೈಗೆ ಸಿಕ್ಕಿದ್ದನ್ನು ತಂದವು. ಸಿಬಿಎಸ್ ತಂದ 'ವಿನ್ನಿಂಗ್ ಲೈನ್ಸ್' ಜನವರಿಯಲ್ಲಿ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯಿತು. ನಿರೂಪಕ ಡಿಕ್ ಕ್ಲಾರ್ಕ್. ನಲವತ್ತೊಂಬತ್ತು ಮಂದಿ ಸ್ಪರ್ಧಿಗಳು, ಉತ್ತರಗಳು ಸಂಖ್ಯೆಗಳು. ಮೊದಲ ಸುತ್ತುಗಳನ್ನು ನಾನು ಸಮರ್ಥಿಸುವುದಿಲ್ಲ, ಅವು ಗೋಜಲು. ಆದರೆ ಕೊನೆಯ 'ವಂಡರ್‌ವಾಲ್' ಇದೆಯಲ್ಲ, ಅದಕ್ಕೆ ಸರಿಸಾಟಿ ಇನ್ನೊಂದು ಸುತ್ತನ್ನು ನಾನು ನೋಡಿಲ್ಲ. ಎದುರಿಗೆ ಗೋಡೆಯಗಲ 49 ಉತ್ತರಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಮೂರು ನಿಮಿಷದಲ್ಲಿ ಇಪ್ಪತ್ತು ಸರಿಯುತ್ತರ ಹೆಕ್ಕಬೇಕು. ಹೆಕ್ಕುವುದೆಂದರೆ ನಿಜವಾಗಿ ಹೆಕ್ಕುವುದು: ಉತ್ತರ ಗೊತ್ತು, ಅದು ಗೋಡೆಯ ಮೇಲೆ ಎಲ್ಲಿದೆ? ಕನ್ನಡಕ ಹುಡುಕುವಾಗ ಆಗುವ ಸಂಕಟ ಅದು. ಕಣ್ಣೆದುರೇ ಇರುತ್ತದೆ, ಕಾಣುವುದಿಲ್ಲ. ಎರಡು ಬಾರಿ ಹದಿನೈದು ಸೆಕೆಂಡಿನ ಬಿಡುವು ಪಡೆದು ಗೋಡೆಯನ್ನು ಕಣ್ಣಲ್ಲೇ ಗುಡಿಸಬಹುದು. ಬ್ರಿಟನ್ನಿನಲ್ಲಿ ಇದೇ ಆಟ 1999ರಿಂದ 2004ರವರೆಗೆ ನಡೆಯಿತು. ಅಲ್ಲಿ ಅದನ್ನು ಮಿಲಿಯನೇರ್‌ಗೆ ಪೈಪೋಟಿ ಎಂದು ಯಾರೂ ಮುಂದಿಟ್ಟಿರಲಿಲ್ಲ, ಎರಡನ್ನೂ ಕಟ್ಟಿದ್ದು ಸೆಲಡಾರ್ ಎಂಬ ಒಂದೇ ಸಂಸ್ಥೆ.

ಅದೇ ಅಲೆಯಲ್ಲಿ ಫಾಕ್ಸ್ ವಾಹಿನಿ ತಂದ 'ಗ್ರೀಡ್' ನವೆಂಬರ್ 1999ರಿಂದ ಜುಲೈ 2000ರವರೆಗೆ ನಡೆಯಿತು. ಹೆಸರಿಗೆ ತಕ್ಕ ಆಟ. ತಂಡವಾಗಿ ಆಡುತ್ತಿರುವವರಲ್ಲಿ ಒಬ್ಬನನ್ನು ಯಂತ್ರ ಆರಿಸಿ, 'ನಿನ್ನ ತಂಡದ ಒಬ್ಬನನ್ನು ಹೊರಗೆ ಹಾಕಿ ಅವನ ಪಾಲು ತೆಗೆದುಕೊಳ್ಳುತ್ತೀಯಾ?' ಎಂದು ಕೇಳುತ್ತದೆ. ಒಪ್ಪಿದರೆ ಇಬ್ಬರ ನಡುವೆ ಒಂದೇ ಒಂದು ಪ್ರಶ್ನೆ. ಕ್ರೂರವೆನ್ನಿ, ಆದರೆ ಒಂದು ನಿಮಿಷದ ಹಿಂದೆ ಬೆನ್ನು ತಟ್ಟಿದವನ ಮುಖದಲ್ಲಿ ಲೆಕ್ಕಾಚಾರ ಶುರುವಾಗುವುದನ್ನು ಕ್ಯಾಮೆರಾ ಹಿಡಿಯುತ್ತಿದ್ದ ಬಗೆಯನ್ನು ನಾನು ಮರೆತಿಲ್ಲ. ಇನ್ನೆರಡು ವರ್ಷ ನಡೆಯಬಹುದಿತ್ತು. ಅದಕ್ಕಿಂತ ಹೆಚ್ಚು ನಡೆದಿದ್ದರೆ ನೋಡುವ ನಮಗೂ ಒಳ್ಳೆಯದಾಗುತ್ತಿರಲಿಲ್ಲ.

'ಪವರ್ ಆಫ್ 10' ಬಗ್ಗೆ ಕೇಳುವವರು ಇರಬಹುದು. ಅಮೆರಿಕದಲ್ಲಿ ಆಗಸ್ಟ್ 2007ರಲ್ಲಿ ಬಂದು ಮುಂದಿನ ಜನವರಿಯಲ್ಲಿ ಹೋಯಿತು. ಇಂಥ ಕೆಲಸವನ್ನು ನೂರಕ್ಕೆ ಎಷ್ಟು ಮಂದಿ ಮಾಡುತ್ತಾರೆ ಎಂದು ಊಹಿಸುವ ಆಟ. ಪಂಡಿತನಿಗೂ ಪಾಮರನಿಗೂ ಒಂದೇ ನೆಲ. ಅದು ಸತ್ತಿತೆಂದು ನಾನು ಅಳುವುದಿಲ್ಲ, ಏಕೆಂದರೆ 2008ರಲ್ಲಿ ಸಲ್ಮಾನ್ ಖಾನ್ ನಿರೂಪಣೆಯ 'ದಸ್ ಕಾ ದಮ್' ಆಗಿ ಹಿಂದಿಯಲ್ಲಿ ಎದ್ದು ಕುಳಿತಿತು.

ಹಾಗೆಂದು ಬೇಗ ನಿಂತದ್ದೆಲ್ಲ ಅನ್ಯಾಯವಾಗಿಯೇ ನಿಂತಿತು ಎನ್ನಲಾರೆ. 1961ರ ಜನವರಿ 20ರಂದು ಹಾಸ್ಯನಟ ಜಾಕಿ ಗ್ಲೀಸನ್ ನಿರೂಪಣೆಯ 'ಯು ಆರ್ ಇನ್ ದ ಪಿಕ್ಚರ್' ಪ್ರಸಾರವಾಯಿತು. ಚಿತ್ರದ ತೂತಿನಲ್ಲಿ ತಲೆ ತೂರಿಸಿ, ತಾವು ಯಾವ ಚಿತ್ರದಲ್ಲಿದ್ದೇವೆ ಎಂದು ತಾರೆಯರು ಊಹಿಸಬೇಕಿತ್ತು. ಎಷ್ಟು ಕೆಟ್ಟದಾಗಿತ್ತೆಂದರೆ ಮುಂದಿನ ವಾರ ಅದೇ ಹೊತ್ತಿಗೆ ಗ್ಲೀಸನ್ ಖಾಲಿ ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಕೊಂಡು ಕುಳಿತು ಅರ್ಧ ಗಂಟೆ ಕ್ಷಮೆ ಕೇಳಿದರು. ಆ ಕ್ಷಮಾಪಣೆಯ ಕಂತು ಮಾತ್ರ ಬಹಳ ಚೆನ್ನಾಗಿತ್ತು.

ಕೆಲವಕ್ಕೆ ಎರಡನೆಯ ಜನ್ಮವೂ ಇದೆ. 1977ರಲ್ಲಿ ನಾಲ್ಕೇ ತಿಂಗಳು ನಡೆದ ಆಟವೊಂದರ ಹೆಸರೇ 'ಸೆಕೆಂಡ್ ಚಾನ್ಸ್'. ಅದರ ಫಲಕದಲ್ಲಿ ದುಡ್ಡು ಕಸಿಯುವ ದೆವ್ವಗಳಿದ್ದವು. ಅದನ್ನೇ ತಿದ್ದಿ ತೀಡಿ 1983ರಲ್ಲಿ 'ಪ್ರೆಸ್ ಯುವರ್ ಲಕ್' ಎಂದು ತಂದಾಗ ಮೂರು ವರ್ಷ ನಡೆಯಿತು. ನಿರೂಪಕ ಪೀಟರ್ ಟೊಮಾರ್ಕನ್, ಅದೇ ವರ್ಷ ಮುಳುಗಿದ 'ಹಿಟ್ ಮ್ಯಾನ್'ನಿಂದ ಈಜಿ ಬಂದವರು. 'ವ್ಹ್ಯೂ!'ವಿಗೆ ಅಂಥ ಯೋಗ ಬರಲಿಲ್ಲ.

ನೋಡುವ ಮನಸ್ಸಾದರೆ ಒಂದು ಸೂಚನೆ: ತಾರೆಯರು ಕಾಣಿಸಿದರೆ ಆ ಕಂತನ್ನು ಮುಚ್ಚಿ. ಒಬ್ಬನೇ ನಿಂತು ಓಡುವ ಹಳೆಯ ಕಂತನ್ನು ಹುಡುಕಿ. ಮೊದಲ ಐದು ನಿಮಿಷ ಏನೂ ಅರ್ಥವಾಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ತಡೆ ಎಲ್ಲಿ ಇಡಬೇಕಿತ್ತೆಂದು ಪಕ್ಕದವರ ಜೊತೆ ವಾದ ಮಾಡುತ್ತಿರುತ್ತೀರಿ.