ಪ್ರೀತಿಯ ದೇವರು ಯಾರಿಗಾದರೂ ರಕ್ಷಣೆ ಇಲ್ಲ ಅನ್ನುತ್ತಾನಾ?

ಕಾಸರಗೋಡಿನ ಬೇಳ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕ್ಯಾಂಡಲ್ ಹಚ್ಚಿ ಬರುವ ನಿಮ್ಮ ಹಿಂದೂ ಅಜ್ಜಿಗೆ ಕ್ರೈಸ್ತರ ದೇವರು ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಮತ್ತು ಸ್ವರ್ಗ, ಕೊಡೋದಿಲ್ವಾ ಅಂತ ಕೇಳಿದ್ದೀರಿ.

ಕ್ಯಾಥೋಲಿಕರ ಉತ್ತರ ನೀವು ಅಂದುಕೊಂಡಷ್ಟು ಗಡುಸಲ್ಲ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ಬಾಳಿದರೆ ಅವರಿಗೂ ರಕ್ಷಣೆ ಸಿಗಬಹುದು ಎಂದು ಎರಡನೇ ವ್ಯಾಟಿಕನ್ ಮಹಾಸಭೆ (ಜಗತ್ತಿನ ಕ್ಯಾಥೋಲಿಕ್ ಬಿಷಪರ ಸಭೆ) 1964ರಲ್ಲೇ ಹೇಳಿದೆ.

ಹಾಗಾದ್ರೆ ನರಕ ಯಾಕೆ? ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ನೋಡಿ. ಆಸ್ತಿ ಹಾಳು ಮಾಡಿ ಬಂದ ಕಿರಿಮಗನನ್ನು ಅಪ್ಪ ಓಡಿಹೋಗಿ ತಬ್ಬಿಕೊಳ್ಳುತ್ತಾನೆ. ಹಿರಿಮಗ ಮಾತ್ರ ತಮ್ಮನಿಗೆ ಸಿಕ್ಕ ಸ್ವಾಗತ ಕಂಡು ಸಿಟ್ಟಿನಿಂದ ಅಂಗಳದಲ್ಲೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ, ಎಳೆದುಕೊಂಡು ಹೋಗೋದಿಲ್ಲ. ಅವನು ಒಳಗೆ ಹೋದನಾ? ಕಥೆ ಹೇಳೋದೇ ಇಲ್ಲ. ದೇವರೂ ಆ ಅಪ್ಪನ ಹಾಗೆ; ನರಕಕ್ಕೆ ಅವನು ತಳ್ಳೋದಲ್ಲ, ಮನುಷ್ಯನೇ ದೇವರನ್ನು ಬೇಡ ಅನ್ನಬಹುದು ಎಂಬುದು ಬಹುಪಾಲು ಕ್ರೈಸ್ತರ ನಿಲುವು.

ಎಲ್ಲರೂ ಹೀಗೆ ಹೇಳೋದಿಲ್ಲ, ಬಿಡಿ. ಕ್ರಿಸ್ತನಲ್ಲಿ ನಂಬಿಕೆ ಇಡದೆ ರಕ್ಷಣೆಯೇ ಇಲ್ಲ ಅನ್ನುವ ಕ್ರೈಸ್ತ ಪಂಗಡಗಳು ಬೇಕಾದಷ್ಟಿವೆ. ದೇವರು ಕೆಲವರನ್ನು ಮೊದಲೇ ಆರಿಸಿಕೊಂಡಿದ್ದಾನೆ, ಕೃಪೆ ಯಾರ ಹಕ್ಕೂ ಅಲ್ಲ ಎಂದು 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ವಾದಿಸಿದ. ನನಗಂತೂ ಅದು ಗಂಟಲಲ್ಲಿ ಇಳಿಯೋದಿಲ್ಲ. ಇನ್ನೊಂದು ತುದಿಯಲ್ಲಿ 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್. ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಅನ್ನೋದು ಅವನ ಆಸೆ. ಚರ್ಚ್ ಅದನ್ನು ಬೋಧನೆಯಾಗಿ ಒಪ್ಪಲಿಲ್ಲ. ಹಾಗೆ ಆಶಿಸುವವರು ಈಗಲೂ ಇದ್ದಾರೆ.